ಕಪ್ಪು ಸಾರಿನ ಮನೆ

ಸಾರು ಅಂದರೆ ಕಪ್ಪಗೇ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ತುಮಕೂರಿನಲ್ಲಿದ್ದ ಅಮ್ಮನ ತವರಿಗೆ ಹೋದಾಗ ಅಲ್ಲಿಯ ಕೆಂಪು ಸಾರನ್ನು ಕಂಡು, ಪಾಪ ಇವರಿಗೆ ಅಡುಗೆ ಬರುವುದಿಲ್ಲ ಅಂದುಕೊಳ್ಳುತ್ತಿದ್ದೆ. ನಮ್ಮ ಮನೆಯ ಸಾರು ಕಪ್ಪಗಿರುವುದಕ್ಕೆ ಕಾರಣ ಹುಣಸೆಹಣ್ಣು, ಹುಣಸೆಹಣ್ಣು ಕಪ್ಪಗಿರುವುದಕ್ಕೆ ಕಾರಣ ನಮ್ಮಜ್ಜಿ. ಹಿತ್ತಲಿನ ಮರದ ಹುಣಸೆ ಉದುರಿಸಿ, ಬೀಜ ಬಿಡಿಸಿ, ಉಪ್ಪು ಹಾಕಿ ಕುಟ್ಟಿ ಉಂಡೆ ಕಟ್ಟಿದರೆ ಅದು ನೆಟ್ಟಗೆ ಗಡಿಗೆಯೊಳಕ್ಕೆ ಹೋಗುತ್ತಿತ್ತು. ಅಡುಗೆಗೆ ಹೋದ ವರ್ಷದ್ದೇ ಆಗಬೇಕು. ಹೋದ ವರ್ಷದ್ದು ಮುಗಿಯುವ ಹೊತ್ತಿಗೆ ಈ ವರ್ಷದ್ದೂ ಕಪ್ಪಾಗಿರುತ್ತಿತ್ತು. ಉಪ್ಪಿನಕಾಯಿಗೂ ಇದೇ ನ್ಯಾಯ, ಬೆಲ್ಲಕ್ಕೂ ಇದೇ ನ್ಯಾಯ. ಕಣ್ಣೆದುರು ಹೊಸದನ್ನು ಇಟ್ಟುಕೊಂಡು ಹಳೆಯದನ್ನು ತಿನ್ನುವುದು ಒಂದು ಶಿಸ್ತು ಎಂದು ದೊಡ್ಡವರು ಹೇಳುತ್ತಿದ್ದರು. ಮಕ್ಕಳಾದ ನಮಗೆ ಅದು ಒಂದು ಶಿಕ್ಷೆಯ ಹಾಗೆ ಕಾಣುತ್ತಿತ್ತು. ಈಗ ನನ್ನ ಅಡುಗೆಮನೆಯಲ್ಲೂ ಹಳೇ ಹುಣಸೆಯ ಒಂದು ಭರಣಿ ಇದೆ. ಮಗಳು ಬಂದಾಗಲೆಲ್ಲ ಅದರ ಮುಚ್ಚಳ ತೆಗೆದು ನೋಡಿ, ಇದು ಯಾವ ಕಾಲದ್ದಮ್ಮ ಎಂದು ನಗುತ್ತಾಳೆ. ನಗಲಿ. ಅಂಗಡಿಗಳೆಲ್ಲ ಮುಚ್ಚಿದ್ದ ದಿನಗಳಲ್ಲಿ ಬೀದಿಯವರೆಲ್ಲ ಚೀಲ ಹಿಡಿದು ಸಾಲು ನಿಂತಿದ್ದಾಗ ನಾನು ಮನೆಯೊಳಗೆ ಕಾಲು ಚಾಚಿಕೊಂಡು ಕೂತಿದ್ದೆ, ಅದನ್ನು ಅವಳು ಮರೆತಿದ್ದಾಳೆ.

ಗುಬ್ಬಿಯಿಂದ ಚೇಳೂರಿಗೆ ಹೋಗುವ ರಸ್ತೆಯ ಅಂಚಿನಲ್ಲೇ ನಮ್ಮ ಮನೆ. ಹಿಂದೆ ತೆಂಗಿನ ತೋಟ, ಎದುರಿಗೆ ರಾಗಿ ಹೊಲ, ಊರು ಸ್ವಲ್ಪ ಒಳಕ್ಕೆ. ಮನೆಯಲ್ಲಿ ನಾವು ಓಡಾಡುವುದಕ್ಕೆ ಇದ್ದ ಜಾಗಕ್ಕಿಂತ ಸಾಮಾನು ಕೂತಿದ್ದ ಜಾಗವೇ ಹೆಚ್ಚು. ಅಂಗಳದಲ್ಲಿ ರಾಗಿಯ ಹಗೇವು, ಅಂದರೆ ನೆಲದೊಳಗಿನ ಕಣಜ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಿದ್ದರು. ಗೊತ್ತಿಲ್ಲದವರು ಅದರ ಮೇಲೆಯೇ ನಿಂತು ಮಾತಾಡಿ ಹೋಗುತ್ತಿದ್ದರು. ಹಗೇವು ತೆಗೆದ ದಿನ ಒಳಗಿನ ಕೆಟ್ಟ ಗಾಳಿ ಹೋಗುವವರೆಗೂ ಯಾರೂ ಇಳಿಯುವ ಹಾಗಿಲ್ಲ. ಲಾಟೀನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ದೀಪ ಆರದೆ ಉರಿದರೆ ಆಮೇಲೆ ಅಪ್ಪ ಇಳಿಯುತ್ತಿದ್ದ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಸಿಪ್ಪೆ ಸಮೇತ ತೆಂಗಿನಕಾಯಿ. ಕೆಳಗಿನ ಒಲೆಯ ಹೊಗೆ ಕುಡಿಯುತ್ತಾ ಅವು ಒಂದು ವರ್ಷ ಅಲ್ಲೇ ಮಲಗಿರುತ್ತಿದ್ದವು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ನೀರಿನ ಸದ್ದು ಹೋಗಿ ಗಡಗಡ ಅಂದರೆ ಒಳಗೆ ಕೊಬ್ಬರಿ ಆಗಿದೆ ಎಂದರ್ಥ. ಜಗುಲಿಯ ಕೆಳಗೆ ಒಣ ಸೌದೆ, ತೊಲೆಗೆ ಸಿಕ್ಕಿಸಿದ ಮುತ್ತುಗದ ಎಲೆಯ ಕಟ್ಟುಗಳು, ಗೂಟಕ್ಕೆ ತೆಂಗಿನ ನಾರಿನ ಹಗ್ಗ, ಆ ಹಗ್ಗ ಕಿತ್ತುಹೋದರೆ ಇರಲಿ ಎಂದು ಇನ್ನೊಂದು ಹಗ್ಗ. ಸೀಗೆಕಾಯಿ, ಹರಳೆಣ್ಣೆ, ಮಗುವಿನ ಹೊಟ್ಟೆನೋವಿಗೆ ಬಜೆ, ದನದ ಹೊಟ್ಟೆಯುಬ್ಬರಕ್ಕೆ ಇಂಗು, ಎಲ್ಲದಕ್ಕೂ ಒಂದು ಜಾಗ. ಕರೆಂಟು ಹೋದರೆ ನಮ್ಮ ಮನೆಯಲ್ಲಿ ಯಾರೂ ಅಯ್ಯೋ ಅನ್ನುತ್ತಿರಲಿಲ್ಲ. ಕೈ ತಾನಾಗಿ ಲಾಟೀನಿನ ಕಡೆಗೆ ಹೋಗುತ್ತಿತ್ತು.

ಇದಕ್ಕೆಲ್ಲ ಅಜ್ಜಿಯ ಹತ್ತಿರ ಒಂದು ಉತ್ತರ ಇತ್ತು. ಹಣೆಗೆ ವಿಭೂತಿ ಎಳೆದುಕೊಂಡು ಪೂಜೆ ಮುಗಿಸಿದವಳು ಒಳಗಿಂದಲೇ ಹೇಳುತ್ತಿದ್ದಳು:

"ಜಂಗಮ್ರು ಏಳಿ ಬರಲ್ಲ, ಮಳೆ ಏಳಿ ಬರಲ್ಲ, ನೆಂಟ್ರಂತೂ ಏಳಿ ಬರೋದೇ ಇಲ್ಲ. ಬಂದೋರಿಗೆ ಇಲ್ಲ ಅನ್ನಬಾರ್ದು. ಇಲ್ಲ ಅಂತ ಇನ್ನೊಬ್ಬರ ಬಾಗ್ಲಿಗೂ ಹೋಗಬಾರ್ದು."

ಕೊನೆಯ ಮಾತನ್ನು ಅವಳು ಉಳಿದವಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದಳು. ನೆರೆಯವರು ನಮ್ಮಲ್ಲಿಗೆ ಹೆಪ್ಪಿಗೆ ಮಜ್ಜಿಗೆ, ಒಲೆಗೆ ಕೆಂಡ, ಕಸೂತಿಗೆ ಸೂಜಿ ಕೇಳಿಕೊಂಡು ಬರುತ್ತಿದ್ದರು. ನಾವು ಯಾರ ಮನೆಗೂ ಒಂದು ಹರಳು ಉಪ್ಪಿಗೆ ಹೋದವರಲ್ಲ. ನನಗೆ ಇದು ದೊಡ್ಡಸ್ತಿಕೆಯಾಗಿಯೇ ಕಾಣುತ್ತಿತ್ತು. ಸ್ಕೂಲಿನಲ್ಲಿ ಪಕ್ಕದವಳ ಸೀಸದಕಡ್ಡಿ ಕೇಳದೆ, ಮೊಂಡು ತುದಿಯಲ್ಲೇ ಬರೆದು ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೇನೆ.

ಅಮ್ಮ ಮಾತ್ರ ಈ ಮನೆಯ ಲೆಕ್ಕಕ್ಕೆ ಸಿಕ್ಕುವವಳಲ್ಲ. ಅವಳು ಹುಟ್ಟಿ ಬೆಳೆದದ್ದು ತುಮಕೂರಿನ ಪೇಟೆಯ ಗಲ್ಲಿಯಲ್ಲಿ. ಸಾಸಿವೆ ಮುಗಿಯಿತು ಅಂದರೆ ಒಲೆಯ ಮೇಲಿನ ಎಣ್ಣೆ ಕಾಯುವುದರೊಳಗೆ ಅಂಗಡಿಯಿಂದ ತಂದುಕೊಡುವ ಬೀದಿ ಅದು. ಮದುವೆಯಾಗಿ ಬಂದ ಮೊದಲ ದಿನ ತಟ್ಟೆಗೆ ಬಿದ್ದ ಕಪ್ಪು ಸಾರು ನೋಡಿ, ಸೀದುಹೋದದ್ದನ್ನು ತನಗೆ ಬಡಿಸಿದ್ದಾರೆ ಅಂದುಕೊಂಡು ಅತ್ತಿದ್ದಳಂತೆ. ಅದನ್ನು ಅವಳು ಎಷ್ಟು ವರ್ಷವಾದರೂ ಮರೆಯಲಿಲ್ಲ. ಇಬ್ಬರಿಗೂ ಹುಣಸೆಹಣ್ಣಿನ ಮೇಲೆ ವರ್ಷಕ್ಕೊಂದು ಜಗಳ ಕಾಯಂ. ಹೊಸದು ತೆಗೆಯೋಣ ಎಂದು ಅಮ್ಮ, ಹಳೇದು ಏನು ಪಾಪ ಮಾಡಿದೆ ಎಂದು ಅಜ್ಜಿ. ಹಾಗಾದರೆ ಹೊಸದನ್ನು ತಿನ್ನುವವರು ಯಾರು ಎಂದು ಅಮ್ಮ ಕೇಳಿದರೆ, ಹಳೇದಾಗಲಿ ಆಗ ನೀನೇ ತಿನ್ನುವೆಯಂತೆ ಎಂದು ಅಜ್ಜಿ. ಅಪ್ಪ ಈ ಜಗಳ ಶುರುವಾದ ಕೂಡಲೇ ತೋಟದಲ್ಲಿ ಏನೋ ಕೆಲಸ ನೆನಪಿಸಿಕೊಳ್ಳುತ್ತಿದ್ದ.

ಆದರೆ ನಿಜವಾದ ನೋವು ಹುಣಸೆಯದಲ್ಲ. ನಡುಮನೆಯ ಪಕ್ಕದ ಕತ್ತಲೆಕೋಣೆಯಲ್ಲಿ ಗೋಡೆಯುದ್ದಕ್ಕೂ ಅಡಕಲು ಗಡಿಗೆಗಳಿದ್ದವು. ಕೆಳಗೆ ದೊಡ್ಡದು, ಅದರ ಮೇಲೆ ಚಿಕ್ಕದು, ಹಾಗೆ ಒಂದರ ಮೇಲೊಂದು. ಮೂಲೆಯ ಅಡಕಲಿನ ತೀರ ಕೆಳಗಿನ ಗಡಿಗೆಯಲ್ಲಿ ಬಿತ್ತನೆಯ ಅವರೆ. ಅಜ್ಜಿ ಆ ಕಾಳಿಗೆ ತಾನೇ ಕೆಮ್ಮಣ್ಣು ಕಲಸಿ ಮೆತ್ತಿ, ಬಿಸಿಲಿಗೆ ಒಣಗಿಸಿ, ತುಂಬಿ, ಬಾಯಿಗೆ ಸಗಣಿ ಬಳಿದು ಮುಚ್ಚುತ್ತಿದ್ದಳು. ಅವಳು ಮದುವೆಯಾಗಿ ಬಂದಾಗಿನಿಂದ ವರ್ಷ ತಪ್ಪದೆ ಉಳಿಸಿಕೊಂಡು ಬಂದ ಬೀಜ ಅದು. ಅದಕ್ಕೆ ಅವಳ ಕೈ ಬಿಟ್ಟರೆ ಇನ್ನೊಬ್ಬರ ಕೈ ಸೋಕುವಂತಿಲ್ಲ. ಅಮ್ಮ ಆ ಮನೆಗೆ ಬಂದು ನನ್ನನ್ನು ಹೆತ್ತಿದ್ದಳು, ದಿನಕ್ಕೆರಡು ಹೊತ್ತು ಮುದ್ದೆ ತೊಳಸುತ್ತಿದ್ದಳು, ಕೊಟ್ಟಿಗೆ ಬಾಚುತ್ತಿದ್ದಳು. ಆದರೂ ಅವರೆ ಒಣಹಾಕುವ ದಿನ ಅಜ್ಜಿ ಅವಳನ್ನು ಏನಾದರೊಂದು ಕೆಲಸ ಹೇಳಿ ದೂರ ಕಳಿಸುತ್ತಿದ್ದಳು. ಪೇಟೆಯ ಹುಡುಗಿಗೆ ಬೀಜದ ಮರ್ಮ ತಿಳಿಯುವುದಿಲ್ಲ ಎಂದು ನೆರೆಯ ಗೌರಕ್ಕನ ಹತ್ತಿರ ಅಂದದ್ದನ್ನು ಅಮ್ಮ ಕೇಳಿಸಿಕೊಂಡಿದ್ದಳು. ಅಮ್ಮನಿಗೆ ಬೇಕಾಗಿದ್ದದ್ದು ಆ ಗಡಿಗೆಯಲ್ಲ. ನೀನೂ ಈ ಮನೆಯವಳೇ ಅನ್ನುವ ಒಂದು ಮಾತು ಅವಳಿಗೆ ಬೇಕಿತ್ತು, ಅದು ಸಿಕ್ಕಿರಲಿಲ್ಲ. ಮಕ್ಕಳಿಗೆ ಇಂಥದ್ದು ತಿಳಿಯುವುದಿಲ್ಲ ಅಂದುಕೊಳ್ಳುತ್ತಾರೆ. ನನಗೆ ಚೆನ್ನಾಗಿ ತಿಳಿಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಮೃತೂರಿಗೆ ಕೊಟ್ಟಿದ್ದ ನನ್ನ ಸೋದರತ್ತೆಗೆ, ಅಂದರೆ ಅಜ್ಜಿಯ ಮಗಳಿಗೆ, ಹೆರಿಗೆ ಹತ್ತಿರ ಬಂತು. ಅಲ್ಲಿ ಅವಳ ಅತ್ತೆ ಕಾಲು ಉಳುಕಿಸಿಕೊಂಡು ಮಲಗಿದ್ದರಿಂದ ಅಜ್ಜಿಯೇ ಬಾಣಂತನಕ್ಕೆ ಹೊರಡಬೇಕಾಯಿತು. ಮನೆ ಬಿಟ್ಟು ಅಷ್ಟು ದಿನ ಅವಳು ಎಲ್ಲಿಗೂ ಹೋದವಳಲ್ಲ. ಹೊರಡುವ ಮುಂಚೆ ಅಮ್ಮನನ್ನು ಕೋಣೆಕೋಣೆಗೂ ಕರೆದುಕೊಂಡು ಹೋಗಿ, ಯಾವುದನ್ನು ಮೊದಲು ತೆಗೆಯಬೇಕು, ಯಾವುದನ್ನು ಬಿಸಿಲಿಗೆ ಇಡಬೇಕು, ಎಲ್ಲಿ ಗೆದ್ದಲು ನೋಡಬೇಕು ಎಲ್ಲ ಹೇಳಿದಳು. ಮೂಲೆಯ ಅಡಕಲಿನ ಮುಂದೆ ನಿಂತಾಗ ಮಾತ್ರ ಏನೂ ಹೇಳಲಿಲ್ಲ. ಗಡಿಗೆಯನ್ನು ಒಮ್ಮೆ ನೋಡಿದಳು, ಅಮ್ಮನನ್ನು ಒಮ್ಮೆ ನೋಡಿದಳು, ಬಸ್ಸಿನ ಹೊತ್ತಾಯಿತು ಅಂದಳು.

ರೋಹಿಣಿ ಮಳೆ ಹಿಡಿದದ್ದು ಅವಳು ಹೋದ ಮೇಲೆ. ಎರಡು ದಿನ ಬಿಡದೆ ಸುರಿದು, ನಮ್ಮ ಮನೆಯಿಂದ ಸ್ವಲ್ಪ ಮುಂದೆ ರಸ್ತೆಗೆ ಅಡ್ಡವಾಗಿದ್ದ ಹಳ್ಳ ತುಂಬಿ ಮೋರಿಯ ಮೇಲೆ ಹರಿಯತೊಡಗಿತು. ಆ ಮಧ್ಯಾಹ್ನ ಒಂದು ಬಸ್ಸು ಹಳ್ಳದವರೆಗೂ ಹೋಗಿ, ದಾಟಲಾಗದೆ ಹಿಂದಕ್ಕೆ ಬಂದು ನಮ್ಮ ಮನೆಯ ಮುಂದೆಯೇ ನಿಂತಿತು. ಗೂಳೂರಿನಲ್ಲಿ ಮದುವೆ ಮುಗಿಸಿಕೊಂಡು ಹೆಣ್ಣನ್ನು ಮನೆ ತುಂಬಿಸಿಕೊಳ್ಳಲು ಹೊರಟಿದ್ದ ದಿಬ್ಬಣ. ಗಂಡಿನ ಊರು ಚೇಳೂರಿನ ಆಚೆ. ಮುದುಕರು, ಮಕ್ಕಳು, ಒದ್ದೆ ಜರಿ ಸೀರೆಗಳು, ನಡುವೆ ಹಣೆಯಲ್ಲಿ ಬಾಸಿಂಗದ ದಾರದ ಗೆರೆ ಇನ್ನೂ ಉಳಿದಿದ್ದ ಮದುಮಗಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಗಂಡಿನ ತಂದೆ ಸಂಕೋಚದಿಂದ ಜಗುಲಿಯ ಕೆಳಗೇ ನಿಂತು, ಮಕ್ಕಳಿಗೊಂದಿಷ್ಟು ನೀರು ಕೊಡಿ ತಾಯಿ ಅಂದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆ ಸಂಜೆ ನಮ್ಮ ಮನೆ ತೆರೆದುಕೊಂಡ ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ಊರಿಡೀ ಸೌದೆ ನೆನೆದಿತ್ತು, ನಮ್ಮ ಜಗುಲಿಯ ಕೆಳಗಿನದು ಕರ್ಪೂರದ ಹಾಗೆ ಉರಿಯಿತು. ಎಲೆಯ ಕಟ್ಟುಗಳು ಇಳಿದವು. ಹಂಡೆಗಳು ಹೊರಕ್ಕೆ ಬಂದವು. ಒದ್ದೆಯಾದವರಿಗೆ ಪೆಟ್ಟಿಗೆಯ ಹಳೇ ಸೀರೆಗಳು, ಕೆಮ್ಮುವ ಮಗುವಿಗೆ ಬಜೆ, ಎಲ್ಲವೂ ಅಜ್ಜಿ ಇಟ್ಟ ಜಾಗದಲ್ಲೇ ಸಿಕ್ಕಿದವು. ಇಷ್ಟು ವರ್ಷ ಅವಳು ಯಾರಿಗಾಗಿ ಕಾಯುತ್ತಿದ್ದಳೋ ಅವರೆಲ್ಲ ಒಟ್ಟಿಗೆ ಬಂದಿದ್ದರು, ನೋಡುವುದಕ್ಕೆ ಅವಳೇ ಇರಲಿಲ್ಲ. ಗೌರಕ್ಕ ಬಂದು ಮುದ್ದೆ ಕಟ್ಟಲು ಕೂತಳು. ಅನ್ನ, ಮುದ್ದೆ, ತೊಗರಿಬೇಳೆ ಸಾರು. ಅಷ್ಟು ಜನಕ್ಕೆ ಬಡಿಸಿದ ಮೇಲೆ ತೊಗರಿಯ ಗಡಿಗೆ ತಳ ಕಂಡಿತು. ದೀಪ ಹಚ್ಚುವ ಹೊತ್ತಿಗೆ ಅಪ್ಪ ಹಳ್ಳ ನೋಡಿಕೊಂಡು ಬಂದು, ನಾಳೆ ಮಧ್ಯಾಹ್ನಕ್ಕೆ ಮೊದಲು ನೀರು ಇಳಿಯುವುದಿಲ್ಲ ಅಂದ. ಉಳಿದಿದ್ದ ಕಾಳು ಅಂದರೆ ಹುರುಳಿ ಒಂದೇ. ಅಮ್ಮ ಕತ್ತಲೆಕೋಣೆಗೆ ಹೋಗಿ ಮೂಲೆಯ ಅಡಕಲಿನ ಮುಂದೆ ನಿಂತಳು. ಲಾಟೀನು ಹಿಡಿದು ನಾನು ನಿಂತಿದ್ದೆ. ಅಪ್ಪ ಬಾಗಿಲಲ್ಲಿ.

"ಅವ್ವನ್ನ ಕೇಳ್ದೆ ಅದನ್ನ ಮುಟ್ಬೇಡ ಕಣೇ."

"ಅವ್ರೇ ಇಲ್ಲಿದ್ದಿದ್ರೆ ಏನ್ ಮಾಡ್ತಿದ್ರು, ನೀವೇ ಹೇಳಿ."

ಅಪ್ಪ ಸುಳ್ಳು ಹೇಳುವವನಲ್ಲ.

"ಹುರುಳಿ ಬೇಯಿಸ್ತಿದ್ಲು."

"ಬೇಯಿಸ್ಲಿ. ಗಂಡನ ಮನೆಗೆ ಹೊರಟಿರೋ ಹುಡುಗಿಗೆ ನಾನು ಕಪ್ಪಗಿರೋ ಹುರುಳಿ ಸಾರು ಹಾಕಲ್ಲ. ನಂಗೆ ಮೊದಲನೇ ದಿನದ ಊಟ ಇನ್ನೂ ನೆನಪಿದೆ."

ಬೀಜ ಬೇಯಿಸುವುದು ಅಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಮನೆ ಹಾಳಾಗಲಿ ಎನ್ನುವುದರ ಬದಲು, ಬೀಜ ಬೇಯಿಸಿಕೊಂಡು ತಿನ್ನಲಿ ಎಂದು ಶಾಪ ಹಾಕುವವರಿದ್ದರು. ಆರಿದ್ರಾ ಮಳೆಗೆ ರಾಗಿಯ ಸಾಲುಗಳ ನಡುವೆ ಆ ಅವರೆ ಬೀಳಬೇಕಾಗಿತ್ತು. ಅಮ್ಮನಿಗೆ ಅದೆಲ್ಲ ಗೊತ್ತಿತ್ತು. ಮೇಲಿನ ಗಡಿಗೆಗಳನ್ನು ಒಂದೊಂದಾಗಿ ಇಳಿಸಿದಳು. ಕೊನೆಯದರ ಬಾಯಿಯ ಸಗಣಿಯನ್ನು ಉಗುರಿನಿಂದ ಬಿಡಿಸಿದಳು. ಒಂದು ಹಿಡಿ ಕಾಳನ್ನು ಬಟ್ಟೆಯಲ್ಲಿ ಕಟ್ಟಿ, ವಂಶ ಉಳಿಯಲಿ ಎಂದು ಗೂಡಿನಲ್ಲಿಟ್ಟು, ಮಿಕ್ಕದ್ದನ್ನೆಲ್ಲ ಹಂಡೆಗೆ ಸುರಿದಳು. ತೊಳೆದ ನೀರು ಕೆಂಪಗೆ ಅಂಗಳದಲ್ಲಿ ಹರಿಯಿತು.

ಬೆಳಿಗ್ಗೆ ಕಾಳು ಉಬ್ಬಿ ನಿಂತಿತ್ತು. ಹಿತಕಿದ ಬೇಳೆ ಸಾರು ಮಾಡುವುದು ಎಂದು ಅಮ್ಮ ತೀರ್ಮಾನಿಸಿದ್ದಳು. ನೆನೆದ ಅವರೆಯನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು, ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ದಿಬ್ಬಣದ ಹೆಂಗಸರೆಲ್ಲ ನಡುಮನೆಯಲ್ಲಿ ವೃತ್ತಾಕಾರವಾಗಿ ಕೂತರು. ಸುಮ್ಮನೆ ಕೂತು ಉಣ್ಣುವ ಮುಜುಗರ ತಪ್ಪಿದ್ದಕ್ಕೆ ಎಲ್ಲರ ಬಾಯಿಯೂ ಬಿಚ್ಚಿಕೊಂಡಿತು. ಗಂಡಿನ ಸೋದರತ್ತೆಯೊಬ್ಬಳು ಹಿತಕಿದ ಬೇಳೆ ನೆಟ್ಟಗೆ ಹೋಗಿ ಬಾಗಿಲ ಹತ್ತಿರ ಕೂತಿದ್ದ ಗಂಡಿನ ತಂದೆಯ ಕೆನ್ನೆಗೆ ಬಡಿಯಿತು. ಅವರು ಗಂಭೀರವಾಗಿ ಅದನ್ನು ಬಾಯಿಗೆ ಹಾಕಿಕೊಂಡರು. ಆಗ ಮದುಮಗಳು ನಕ್ಕಳು. ಹಿಂದಿನ ದಿನದಿಂದ ಅವಳು ನಕ್ಕದ್ದು ಅದೇ ಮೊದಲು. ಅರಿಶಿನದ ಕೈಯಲ್ಲಿ ಬೇಳೆ ಹಾರಿಸುತ್ತಾ ಅಮ್ಮನ ಪಕ್ಕದಲ್ಲೇ ಕೂತಿದ್ದಳು. ಇಬ್ಬರೂ ಏನೋ ಪಿಸುಮಾತಾಡುತ್ತಿದ್ದರು, ನನ್ನನ್ನು ಹತ್ತಿರ ಸೇರಿಸಲಿಲ್ಲ. ಹಸಿ ಕೊಬ್ಬರಿ ಅರೆದು ಹಾಕಿದ ಆ ಸಾರಿನ ಘಮಲು ರಸ್ತೆಯವರೆಗೂ ಹೋಗಿತ್ತು. ಅಮ್ಮ ಅಷ್ಟು ಸಂತೋಷವಾಗಿ ಓಡಾಡಿದ್ದನ್ನು ನಾನು ಆ ಮನೆಯಲ್ಲಿ ಅವತ್ತೇ ಕಂಡದ್ದು.

ಹಳ್ಳ ಇಳಿಯಿತು. ಹೊರಡುವ ಮುಂಚೆ ಅಮ್ಮ ಮದುಮಗಳನ್ನು ಮಣೆಯ ಮೇಲೆ ಕೂರಿಸಿ ಮಡಿಲಕ್ಕಿ ಕಟ್ಟಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ. ಕಟ್ಟಿ ಮುಗಿಸಿದವಳು ಒಂದು ಗಳಿಗೆ ನಿಂತು ಯೋಚಿಸಿ, ಗೂಡಿನಲ್ಲಿದ್ದ ಆ ಒಂದು ಹಿಡಿ ಅವರೆಯನ್ನೂ ತಂದು ಅದರೊಳಕ್ಕೆ ಹಾಕಿಬಿಟ್ಟಳು. ಅಪ್ಪ ನೋಡದವನ ಹಾಗೆ ಬಸ್ಸಿನ ಕಡೆಗೆ ನಡೆದ.

ಬಸ್ಸು ಹೋದ ಮೇಲೆ ಊರಿನ ಮಾತು ಶುರುವಾಯಿತು. ಉಂಡವರನ್ನು ಯಾರೂ ನೆನೆಯಲಿಲ್ಲ, ಬೀಜ ಬೇಯಿಸಿದವಳನ್ನು ಮಾತ್ರ ಬಾವಿಯ ಹತ್ತಿರ ನೆನೆದರು. ಅಪ್ಪ ಹೆದರಿ, ಗುಬ್ಬಿ ಸಂತೆಯಿಂದ ಅವರೆ ತಂದು ಗಡಿಗೆಗೆ ತುಂಬೋಣ, ಅವ್ವನಿಗೆ ಗೊತ್ತಾಗುವುದಿಲ್ಲ ಅಂದ. ಅಮ್ಮ ಒಪ್ಪಲಿಲ್ಲ. ಸಂತೆಯ ಕಾಳು ಅತ್ತೆಗೆ ಮೂಸಿದರೇ ಗೊತ್ತಾಗುತ್ತದೆ, ಅದೂ ಅಲ್ಲದೆ ನಾನು ಕದ್ದು ಬೇಯಿಸಿಲ್ಲ ಅಂದಳು. ಖಾಲಿ ಗಡಿಗೆಯನ್ನು ತೊಳೆದು ಒಣಗಿಸಿ, ಬಾಯಿ ಮುಚ್ಚದೆ, ಅದರ ಜಾಗದಲ್ಲೇ ಇಟ್ಟಳು. ಹೊರಗೆ ಧೈರ್ಯವಾಗಿದ್ದಳು. ಆದರೆ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ತವರಿಗೆ ಕಳಿಸಿಬಿಡ್ತಾರಾ ಎಂದು ನಾನು ಕೇಳಿದ್ದಕ್ಕೆ, ಕಳಿಸಿದ್ರೆ ನಿನ್ನನ್ನೂ ಕರ್ಕೊಂಡು ಹೋಗ್ತೀನಿ, ಕೆಂಪು ಸಾರು ತಿನ್ನುವೆಯಂತೆ ಅಂದಳು. ನನಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ.

ಅಜ್ಜಿ ಬಂದದ್ದು ಒಂದು ಮಧ್ಯಾಹ್ನ, ಕೈಯಲ್ಲಿ ಚೀಲ, ಮಡಿಲಲ್ಲಿ ಏನೋ ಗಂಟು. ಮಗು ಹೇಗಿದೆ ಎಂದು ಹೇಳಿದಳು, ಕೈಕಾಲು ತೊಳೆದಳು, ಹಸುವನ್ನು ನೋಡಿದಳು. ಆಮೇಲೆ ಯಾರೂ ಏನೂ ಹೇಳುವ ಮುಂಚೆಯೇ ಕತ್ತಲೆಕೋಣೆಗೆ ಹೋಗಿ, ಬಾಯಿ ತೆರೆದ ಗಡಿಗೆಯನ್ನು ನೋಡಿ, ಹೊಸ್ತಿಲ ಮೇಲೆ ಕೂತಳು. ಅಮ್ಮ ಎದುರಿಗೆ ನಿಂತಳು.

"ಎಷ್ಟು ಬೇಯಿಸ್ದೆ?"

"ಎಲ್ಲಾನೂ, ಅತ್ತೆ."

"ಕೆಮ್ಮಣ್ಣು ಸರ್ಯಾಗಿ ಹೋಯ್ತಾ? ಹಲ್ಲಿಗೆ ಸಿಕ್ಕರೆ ಮರ್ವಾದೆ ಹೋಯ್ತದೆ."

"ತಿಳಿ ನೀರು ಬರೋವರ್ಗೂ ತೊಳೆದೆ."

"ಉಂಡೋರು ಏನಂದ್ರು?"

"ಏನೂ ಅನ್ಲಿಲ್ಲ. ಎರಡೆರಡು ಸಲ ಹಾಕಿಸ್ಕೊಂಡ್ರು."

ಅಜ್ಜಿ ತಲೆ ಬಗ್ಗಿಸಿ ಮಡಿಲಿನ ಗಂಟನ್ನು ಮುಟ್ಟಿ ನೋಡಿಕೊಂಡಳು.

"ಬಿತ್ತಕ್ಕೆ ಅಂತ ಒಂದು ಹಿಡೀನೂ ಎತ್ತಿಡ್ಲಿಲ್ವೇನೇ?"

"ಎತ್ತಿಟ್ಟಿದ್ದೆ. ಆ ಹುಡುಗಿ ಮಡಿಲಿಗೆ ಹಾಕ್ಬಿಟ್ಟೆ."

ಅಜ್ಜಿ ತಲೆಯೆತ್ತಿದಳು. ಅವಳ ಮುಖ ಅದುವರೆಗೂ ನಾನು ಕಾಣದಿದ್ದ ಥರ ಆಗಿತ್ತು.

"ಹಂಗೆ ಹಾಕ್ಬೇಕು ಅಂತ ಯಾರು ಏಳಿಕೊಟ್ರು ನಿಂಗೆ?"

"ಯಾರೂ ಇಲ್ಲ. ನಾನು ಈ ಮನೆಗೆ ಬರೋವಾಗ ನನ್ನ ಮಡಿಲಲ್ಲಿ ಬೀಜ ಇರ್ಲಿಲ್ಲ. ಅವಳಿಗಾದ್ರೂ ಇರ್ಲಿ ಅನ್ನಿಸ್ತು."

ಅಜ್ಜಿ ಮಡಿಲಿನ ಗಂಟು ಬಿಚ್ಚಿದಳು. ಕೆಮ್ಮಣ್ಣು ಮೆತ್ತಿದ ಅವರೆ. ಆಗ ನಮಗೆ ಎಲ್ಲ ತಿಳಿಯಿತು. ಅಮೃತೂರಿಗೆ ಕೊಬ್ಬರಿ ವ್ಯಾಪಾರಕ್ಕೆ ಹೋಗುತ್ತಿದ್ದ ನಮ್ಮೂರಿನವರೊಬ್ಬರು ಬೀಜ ಬೇಯಿಸಿದ ಸುದ್ದಿಯನ್ನು ಅಲ್ಲಿಗೂ ಮುಟ್ಟಿಸಿದ್ದರು. ಅಜ್ಜಿ ಮಗಳನ್ನು ಮದುವೆ ಮಾಡಿ ಕಳಿಸುವಾಗ ಇದೇ ಬೀಜವನ್ನು ಅವಳ ಮಡಿಲಿಗೆ ಹಾಕಿದ್ದಳಂತೆ. ಅಜ್ಜಿಗೂ ಅಜ್ಜಿಯ ತಾಯಿ ಹೀಗೇ ಹಾಕಿ ಕಳಿಸಿದ್ದಳಂತೆ. ಬೀಜ ಒಂದೇ ಮನೆಯಲ್ಲಿ ಇರಬಾರದು, ಇದು ಅಜ್ಜಿಯ ತವರಿನ ಹೆಂಗಸರ ಪದ್ಧತಿ. ಅಮ್ಮ ಬರುವ ಹೊತ್ತಿಗೆ ಅತ್ತೆಯ ಮದುವೆ ಆಗಿಹೋಗಿತ್ತು, ಅಮ್ಮನಿಗೆ ಯಾರೂ ಇದನ್ನು ಹೇಳಿರಲಿಲ್ಲ. ಒಂದು ಹರಳು ಉಪ್ಪಿಗೆ ಇನ್ನೊಬ್ಬರ ಬಾಗಿಲಿಗೆ ಹೋಗದ ಅಜ್ಜಿ, ಮಗಳ ಅತ್ತೆಯ ಮುಂದೆ ನಿಂತು ಬೀಜ ಕೇಳಿಕೊಂಡು ಬಂದಿದ್ದಳು. ಇನ್ನೊಬ್ಬರ ಮನೆಯಲ್ಲಿ ಇಟ್ಟದ್ದೂ ನಮ್ಮ ಕಣಜವೇ ಎಂದು ನನಗೆ ಅವತ್ತು ಯಾರೂ ಬಿಡಿಸಿ ಹೇಳಲಿಲ್ಲ. ಆದರೂ ಮಾರನೆಯ ದಿನದಿಂದ ನಾನು ಪಕ್ಕದವಳ ಸೀಸದಕಡ್ಡಿ ಕೇಳಲು ಶುರುಮಾಡಿದೆ. ತುಮಕೂರಿನ ಮಾರ್ಕೆಟ್ಟಿನಲ್ಲಿ ಅವರೆಯ ರಾಶಿ ಕಂಡಾಗ, ಚೇಳೂರಿನ ಆಚೆಯ ಯಾವುದೋ ಹೊಲದಲ್ಲಿ ನಮ್ಮದೂ ಇರಬಹುದು ಎಂದು ಈಗಲೂ ಅನ್ನಿಸುತ್ತದೆ.

"ಸೆರಗು ಹಿಡಿ," ಅಂದಳು ಅಜ್ಜಿ.

ಅಮ್ಮ ಸೆರಗು ಒಡ್ಡಿದಳು. ಅಜ್ಜಿ ಕಾಳನ್ನು ಗಡಿಗೆಗೆ ಹಾಕದೆ ಅವಳ ಸೆರಗಿಗೇ ಸುರಿದಳು.

"ಮುಂದಿನ ಸಲದಿಂದ ಕೆಮ್ಮಣ್ಣು ನೀನೇ ಮೆತ್ತು. ನನ್ ಬೆರಳು ಸೋತವೆ."

ಅಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ಅತ್ತಳು. ಅವತ್ತು ಸಂಜೆ ಅಡುಗೆಗೆ ಹೋದವಳು, ಯಾರನ್ನೂ ಕೇಳದೆ ಹೊಸ ಹುಣಸೆಯ ಗಡಿಗೆಯನ್ನು ಇಳಿಸಿಕೊಂಡಳು. ಊಟಕ್ಕೆ ಕೂತಾಗ ನಮ್ಮ ಮನೆಯ ತಟ್ಟೆಗಳಿಗೆ ಮೊದಲ ಸಲ ಕೆಂಪು ಸಾರು ಬಿತ್ತು. ಅಪ್ಪ ಅದನ್ನು ನೋಡಿ ತೋಟದ ಕೆಲಸ ನೆನಪಿಸಿಕೊಳ್ಳಲು ನೋಡಿದ, ಕತ್ತಲಾಗಿತ್ತು. ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು.

"ಹುಳಿ ಜಾಸ್ತಿ ಆಯ್ತು," ಅಂದಳು. ಆಮೇಲೆ ತಟ್ಟೆಯನ್ನು ಅಮ್ಮನ ಕಡೆಗೆ ತಳ್ಳಿದಳು. "ಇನ್ನೊಂದ್ ಸೌಟು ಬುಡು."